ದಾವಣಗೆರೆ: ಮನೆ ಶೆಡ್ಡಿಗೆ ಯಾವ ಮಿಗ್ ವೆಲ್ಡಿಂಗ್ ಮಷಿನ್? 160 ಆಂಪ್ಸ್ ಸಾಕಾ, 250 ಬೇಕಾ?

ಶಾಮನೂರು ಶೆಡ್
ಎಲ್ಲರಿಗೂ ನಮಸ್ಕಾರ್ರೀ. ಮನೆ ಹಿಂದೆ 12×18 ಅಡಿ ತಗಡಿನ ಶೆಡ್ ಐತೆ. ಸದ್ಯಕ್ಕೆ ರಾಡ್ ಮಷಿನ್ ಒಂದೇ ಇರೋದು. 16 ಗೇಜ್, 18 ಗೇಜ್ ಸ್ಕ್ವೇರ್ ಪೈಪಿಗೆ ರಾಡ್ ಹಿಡಿದ್ರೆ ತೂತು ಬೀಳ್ತಾವೆ, ಅದಕ್ಕೇ ರಾಡ್ ಬದಲು ವೈರ್ ತಾನೇ ಮುಂದೆ ಬರೋ ಮಿಗ್ ಕಡೆ ಮನಸ್ಸು. ಗೇಟು, ಕಿಟಕಿ ಗ್ರಿಲ್ಲು, ಸ್ಟ್ಯಾಂಡು ಮುಖ್ಯ ಕೆಲಸ. ವರ್ಷಕ್ಕೆ ಎರಡು ಮೂರು ಸಲ ಕುಂಟೆ, ಟ್ರೇಲರ್ ರಿಪೇರಿ ಬರ್ತಾವೆ, 5ರಿಂದ 8 ಎಂ.ಎಂ. ದಪ್ಪ. ಸಿಂಗಲ್ ಫೇಸ್ ಮೀಟರ್, 3 ಕಿಲೋವ್ಯಾಟ್ ಲೋಡ್. ಮೀಟರಿಂದ ಶೆಡ್ಡಿಗೆ 30 ಮೀಟರ್ ವೈರ್ ಎಳೀಬೇಕು. ಅಂಗಡಿಯವರು 250 ಆಂಪ್ಸಿಂದು ತಗೊಳ್ರಿ, ಮುಂದಕ್ಕೂ ಆಗ್ತದೆ ಅಂತಾರೆ. ಗ್ಯಾಸ್ ಇರೋದು ತಗೊಳ್ಳಲೋ, ಗ್ಯಾಸ್ ಇಲ್ಲದ್ದೋ? ತಿಳಿದವರು ಹೇಳ್ರಿ.

ಹರಿಹರ ಫ್ಯಾಬ್ರಿಕೇಷನ್
ಅಣ್ಣ, ಬಾಕ್ಸ್ ಮೇಲಿನ ದೊಡ್ಡ ಅಂಕಿ ಬಿಡಿ, ಮಷಿನ್ ಮೈಮೇಲಿನ ನೇಮ್ ಪ್ಲೇಟ್ ಓದಿ. ಅದರಲ್ಲಿ ಎಕ್ಸ್ ಅಂತ ಒಂದು ಸಾಲು ಇರುತ್ತದೆ, ಅದೇ ಡ್ಯೂಟಿ ಸೈಕಲ್. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ವೆಲ್ಡ್ ಮಾಡಬಹುದು ಅನ್ನುವ ಲೆಕ್ಕ. 60% ಅಂದರೆ 6 ನಿಮಿಷ ವೆಲ್ಡಿಂಗ್, 4 ನಿಮಿಷ ವಿಶ್ರಾಂತಿ. ಎಕ್ಸ್ ಕೆಳಗೆ ಐ2 ಇರುತ್ತದೆ, ಅಷ್ಟು ಡ್ಯೂಟಿಯಲ್ಲಿ ಸಿಗುವ ಆಂಪಿಯರ್ ಅದು.

ಎರಡು ಮಷಿನ್ ಹೋಲಿಸಬೇಕಾದರೆ ಎರಡನ್ನೂ 100% ಡ್ಯೂಟಿಗೆ ಇಳಿಸಿ. ಆಂಪಿಯರನ್ನು ಡ್ಯೂಟಿಯ ವರ್ಗಮೂಲದಿಂದ ಗುಣಿಸಿದರೆ ಆಯಿತು. 250 ಆಂಪ್ಸ್ 25% ಎಂದಿದ್ದರೆ 250×0.5, ಅಂದರೆ 125 ಆಂಪ್ಸ್. 160 ಆಂಪ್ಸ್ 60% ಎಂದಿದ್ದರೆ 160×0.775, ಸುಮಾರು 124. ನಿಮಗೆ ಅಂಗಡಿಯವರು ತೋರಿಸಿದ 250ರ ಡ್ಯೂಟಿ ಎಷ್ಟೆಂದು ಕೇಳಿ. 25% ಇದ್ದರೆ ಅದೂ ಒಳ್ಳೆಯ 160ರ ಮಷಿನ್ನೂ ಇಡೀ ದಿನದ ಕೆಲಸದಲ್ಲಿ ಒಂದೇ. ಇನ್ನೊಂದು ವಿಷಯ: ಡ್ಯೂಟಿ ಅಳತೆ ಆಗಬೇಕಾದ್ದು 40 ಡಿಗ್ರಿ ಬಿಸಿಯಲ್ಲಿ. ಕೆಲವು ಪಟ್ಟಿಗಳಲ್ಲಿ 25 ಡಿಗ್ರಿಯ ಅಂಕಿ ಬರೆದಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ನಿಮ್ಮ ತಗಡಿನ ಶೆಡ್ ಒಳಗೆ 40 ದಾಟುತ್ತದೆ, ಆ ಅಂಕಿ ನಿಮಗೆ ಉಪಯೋಗಕ್ಕೆ ಬಾರದು.

ಇನ್ನು ನಿಮಗೆ ಎಷ್ಟು ಬೇಕು? ಕಬ್ಬಿಣಕ್ಕೆ ಒಂದು ಎಂ.ಎಂ.ಗೆ ಸುಮಾರು 40 ಆಂಪ್ಸ್ ಎಂದು ಹಿಡಿಯಿರಿ. 18 ಗೇಜ್ ಅಂದರೆ 1.2 ಎಂ.ಎಂ., 50 ಆಂಪ್ಸ್. 16 ಗೇಜ್ 1.6 ಎಂ.ಎಂ., 65 ಆಂಪ್ಸ್. 3 ಎಂ.ಎಂ. ಆಂಗಲ್ಲಿಗೆ 120. ಗೇಟು ಗ್ರಿಲ್ಲಿನ ಕೆಲಸದಲ್ಲಿ ನೀವು 120 ದಾಟುವುದು ಅಪರೂಪ. 40 ಡಿಗ್ರಿಯಲ್ಲಿ 60% ಡ್ಯೂಟಿಯ 160ರಿಂದ 200 ಆಂಪ್ಸ್ ಮಷಿನ್ ಧಾರಾಳ ಸಾಕು.

ಕೆಳಗಿನ ತುದಿಯನ್ನೂ ಕೇಳಿ. 40 ಆಂಪ್ಸಿನಲ್ಲಿ ಆರ್ಕ್ (ವೆಲ್ಡಿಂಗ್ ಕಿಡಿಯ ಜ್ವಾಲೆ) ಒಡೆಯದೆ ಸಮವಾಗಿ ನಿಲ್ಲುವ ಮಷಿನ್ನೇ 18 ಗೇಜಿಗೆ ಒಳ್ಳೆಯದು. ದೊಡ್ಡ ಮಷಿನ್‌ಗಳಲ್ಲಿ ಹಲವು ಅಲ್ಲಿ ಚಟಪಟ ಎನ್ನುತ್ತಾವೆ.

ವೈರಿಂಗ್ ಬಸಾಪುರ
ಮಷಿನ್ ಆರಿಸೋದಕ್ಕಿಂತ ಮುಂಚೆ ಲೈನಿನ ಲೆಕ್ಕ ಆಗ್ಲಿ. ಮಿಗ್‌ನಲ್ಲಿ ಆರ್ಕ್ ವೋಲ್ಟೇಜ್ ಸುಮಾರಾಗಿ 14 + 0.05×ಆಂಪಿಯರ್. 120 ಆಂಪ್ಸಿಗೆ 20 ವೋಲ್ಟ್, 160ಕ್ಕೆ 22, 200ಕ್ಕೆ 24. ಅಂದ್ರೆ 160ರಲ್ಲಿ ಹೊರಗೆ ಬರೋದು 3,520 ವ್ಯಾಟ್. ಮಷಿನ್ ದಕ್ಷತೆ 80% ಹಿಡಿದ್ರೆ ಒಳಗೆ ಎಳೆಯೋದು 4.4 ಕಿಲೋವ್ಯಾಟ್. ಸಾಮಾನ್ಯ ಇನ್ವರ್ಟರ್ (ಎಲೆಕ್ಟ್ರಾನಿಕ್ ಬೋರ್ಡಿನ) ಮಷಿನ್ ಪವರ್ ಫ್ಯಾಕ್ಟರ್, ಅಂದ್ರೆ ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರೋ ಪಾಲು, 0.7 ಆಸುಪಾಸು, ಹಂಗಾಗಿ 230 ವೋಲ್ಟಿನಲ್ಲಿ ಲೈನಿಂದ 27 ಆಂಪ್ಸ್. 200ಕ್ಕೆ ಇಟ್ರೆ 37 ಆಂಪ್ಸ್. ನಿಮ್ಮ 3 ಕಿಲೋವ್ಯಾಟ್‌ಗೆ 120 ಆಂಪ್ಸಿನ ವೆಲ್ಡಿಂಗೇ ಅಂಚು. ಬೆಸ್ಕಾಂಗೆ ಅರ್ಜಿ ಹಾಕಿ 5 ಕಿಲೋವ್ಯಾಟ್ ಮಾಡಿಸ್ಕೊಳ್ರಿ. ಹೊರಗಿನವರ ಕೆಲಸಕ್ಕೆ ದುಡ್ಡು ತಗೊಳ್ಳೋದಾದ್ರೆ ಮನೆ ಮೀಟರ್ ಬಳಸಬೇಡ್ರಿ, ಬೇರೆ ಸಂಪರ್ಕ ಬೇಕು. ಮಂಜೂರಾದ ಉದ್ದೇಶ ಬಿಟ್ಟು ಬಳಸಿದ್ರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ ಬರ್ತದೆ.

30 ಮೀಟರ್ ವೈರು ಅಂದ್ರಿ. ಹೋಗಿ ಬರೋದು 60 ಮೀಟರ್. 2.5 ಸ್ಕ್ವೇರ್ ಎಂ.ಎಂ. ತಾಮ್ರದ ಫ್ಲೆಕ್ಸಿಬಲ್ ವೈರ್ ಹಾಕಿದ್ರೆ 27 ಆಂಪ್ಸಿಗೆ 13 ವೋಲ್ಟ್ ದಾರಿಯಲ್ಲೇ ಹೋಗ್ತದೆ. 4 ಸ್ಕ್ವೇರ್ ಆದ್ರೆ 8 ವೋಲ್ಟ್, 6 ಸ್ಕ್ವೇರ್ ಆದ್ರೆ 5 ವೋಲ್ಟ್. ಸಂಜೆ ಹೊತ್ತು ಕಂಬದಲ್ಲೇ 200 ಇದ್ರೆ 2.5ರ ವೈರಿನ ಕೊನೆಗೆ 187. ಬಹಳ ಮಷಿನ್‌ಗಳ ಮಿತಿ 230ಕ್ಕೆ 15% ಹೆಚ್ಚು ಕಮ್ಮಿ, ಅಂದ್ರೆ ಕೆಳಗೆ 195. ಅದಕ್ಕಿಂತ ಇಳಿದ್ರೆ ಆರ್ಕ್ ಸತ್ತು ಸತ್ತು ಹುಟ್ತದೆ, ಜನ ಮಷಿನ್ ಸರಿ ಇಲ್ಲ ಅಂತಾರೆ. 6 ಸ್ಕ್ವೇರ್ ಎಳೀರಿ, ಒಂದೇ ಸಲದ ಖರ್ಚು.

ಶೆಡ್ಡಿನಲ್ಲಿ 32 ಆಂಪ್ಸ್ ಸಿ ಕರ್ವ್ ಎಂಸಿಬಿ, 32 ಆಂಪ್ಸಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್, ಕರೆಂಟ್ ಸೋರಿದ್ರೆ ಲೈನ್ ಕಡಿಯೋ 30 ಮಿಲಿ ಆಂಪ್ಸ್ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್. ಬಿ ಕರ್ವ್ ಹಾಕಿದ್ರೆ ಸ್ವಿಚ್ ಒತ್ತಿದ ಕೂಡ್ಲೇ ಟ್ರಿಪ್ ಆಗ್ಬಹುದು, ಒಳಗಿನ ಕೆಪಾಸಿಟರ್ ಮೊದಲ ಕ್ಷಣ ಜೋರಾಗಿ ಎಳೀತಾವೆ. 16 ಆಂಪ್ಸಿನ ಮನೆ ಸಾಕೆಟ್ಟಿಗೆ ಹಾಕಿದ್ರೆ ಪಿನ್ ಕರಗ್ತಾವೆ. ಎಕ್ಸ್‌ಟೆನ್ಷನ್ ವೈರ್ ಸುತ್ತಿದ ಉಂಡೆಯಲ್ಲೇ ಬಿಟ್ಟು ಕೆಲಸ ಮಾಡಬೇಡ್ರಿ, ಒಳಗೊಳಗೇ ಬೇಯ್ತದೆ.

ಇದನ್ನ ಮಾತ್ರ ದಯವಿಟ್ಟು ಎಲ್ಲರೂ ಓದ್ರಿ. ಹಳೇ ರಾಡ್ ಟ್ರಾನ್ಸ್‌ಫಾರ್ಮರ್‌ಗಳನ್ನ ಹಳ್ಳಿ ಕಡೆ ಎರಡು ಫೇಸ್ ನಡುವೆ, 415 ವೋಲ್ಟಿಗೆ ಕೊಡ್ತಾರೆ. ಅದೇ ವೈರಿಗೆ 230 ವೋಲ್ಟಿನ ಇನ್ವರ್ಟರ್ ಮಿಗ್ ಜೋಡಿಸಿದ್ರೆ ಒಂದೇ ಕ್ಷಣಕ್ಕೆ ಬೋರ್ಡ್ ಸುಟ್ಟು ಹೋಗ್ತದೆ. ಟ್ರೇಲರ್ ರಿಪೇರಿಗೆ ಹೊಲಕ್ಕೆ ಹೊತ್ತುಕೊಂಡು ಹೋದಾಗ ಮೀಟರ್ ಇಟ್ಟು ನೋಡದೆ ವೈರ್ ಜೋಡಿಸಬೇಡ್ರಿ.

ಶಾಮನೂರು ಶೆಡ್
@ವೈರಿಂಗ್ ಬಸಾಪುರ ಬಹಳ ಉಪಕಾರ ಆಯ್ತು ಸರ್. ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಮಾಡೋ ಸರ್ಕ್ಯೂಟ್) ಇರೋ ಮಷಿನ್ ಅಂತ ಒಂದು ಬರ್ತದಲ್ಲ, ಅದಕ್ಕೆ ಹೆಚ್ಚು ದುಡ್ಡು ಕೊಡೋದು ಸರಿಯಾ?

ವೈರಿಂಗ್ ಬಸಾಪುರ
ನಿಮ್ಮಂಥ ಲೈನಿಗೆ ಸರಿ. ಪವರ್ ಫ್ಯಾಕ್ಟರ್ 0.99ರ ಹತ್ರ ಬರ್ತದೆ, ಅದೇ 160 ಆಂಪ್ಸಿಗೆ ಲೈನಿಂದ 27ರ ಬದಲು 19 ಸಾಕು. ಕಡಿಮೆ ವೋಲ್ಟೇಜಿಗೂ ಹೊಂದಿಕೊಳ್ತದೆ. ಆದ್ರೆ ಕಿಲೋವ್ಯಾಟ್ ಅಷ್ಟೇ ಇರ್ತದೆ, ಲೋಡ್ ಮಂಜೂರಾತಿ ತಪ್ಪಲ್ಲ. ದುಡ್ಡು ಹೊಂದದಿದ್ರೆ 6 ಸ್ಕ್ವೇರ್ ವೈರಿಗೆ ಮೊದಲು ಹಾಕ್ರಿ.

ದುರ್ಗದ ಗಾಳಿ
ಚಿತ್ರದುರ್ಗದಿಂದ ಬರೀತಿದ್ದೀನಿ. ಗ್ಯಾಸ್ ವಿಷಯಕ್ಕೆ ನನ್ನ ಮಾತು. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ವಿಂಡ್‌ಮಿಲ್ ತಿರುಗೋ ಊರು ನಮ್ಮದು, ಆಷಾಢದಲ್ಲಿ ಹೊರಗೆ ಗ್ಯಾಸ್ ಹಾಕಿ ಮಿಗ್ ಮಾಡೋದು ಆಗದ ಮಾತು. ಗಂಟೆಗೆ 8 ಕಿಲೋಮೀಟರ್ ಗಾಳಿ ಬೀಸಿದ್ರೂ ನಾಜಲ್ ಮುಂದಿನ ಗ್ಯಾಸಿನ ಕವಚ ಚದುರಿ ಬೀಡು (ವೆಲ್ಡ್ ಮಾಡಿದ ಲೋಹದ ಗೆರೆ) ಜೇನುಗೂಡಿನಂಗೆ ತೂತು ತೂತಾಗ್ತದೆ. ಫ್ಲೋ ಜಾಸ್ತಿ ಮಾಡಿದ್ರೆ ಸರಿ ಹೋಗ್ತದೆ ಅಂತ 25 ಲೀಟರಿಗೆ ತಿರುಗಿಸ್ತಾರೆ, ಅದು ಇನ್ನೂ ಕೆಟ್ಟದ್ದು. ಗ್ಯಾಸ್ ಸುಳಿ ಎದ್ದು ಹೊರಗಿನ ಗಾಳೀನ ತಾನೇ ಒಳಗೆ ಎಳ್ಕೊಳ್ತದೆ. ಶೆಡ್ ಒಳಗೆ ನಿಮಿಷಕ್ಕೆ 10ರಿಂದ 12 ಲೀಟರ್ ಸಾಕು, ಫ್ಯಾನ್ ಆಫ್ ಇರ್ಲಿ.

ಹೊರಗಿನ ಕೆಲಸ ಇದ್ರೆ ಗ್ಯಾಸ್‌ಲೆಸ್ ಫ್ಲಕ್ಸ್ ಕೋರ್ (ಒಳಗೆ ಪುಡಿ ತುಂಬಿದ) ವೈರ್ ಬೇಕು. ಅದರಲ್ಲಿ ಇ71ಟಿ-ಜಿಎಸ್ ಒಂದೇ ಪಾಸಿಗೆ ಮಾತ್ರ, ಒಂದರ ಮೇಲೊಂದು ಬೀಡು ಎಳೆದ್ರೆ ಬಿರುಕು ಬಿಡಬಹುದು. ಟ್ರೇಲರಿನಂಥ ದಪ್ಪ ಕೆಲಸಕ್ಕೆ ಇ71ಟಿ-11 ಕೇಳಿ ತಗೊಳ್ರಿ. ಟಾರ್ಚ್ (ಕೈಯಲ್ಲಿ ಹಿಡಿಯೋ ಗನ್) ನೆಗೆಟಿವ್‌ಗೆ, ಕೆಲಸದ ಕಬ್ಬಿಣಕ್ಕೆ ಕಚ್ಚಿಸೋ ಅರ್ತ್ ಕ್ಲ್ಯಾಂಪ್ ಪಾಸಿಟಿವ್‌ಗೆ. ಗ್ಯಾಸಿನ ಸಾಲಿಡ್ ವೈರಿಗೆ ಇದರ ಉಲ್ಟಾ, ಟಾರ್ಚ್ ಪಾಸಿಟಿವ್. ಪೋಲಾರಿಟಿ ಬದಲಾಯಿಸದೆ ಗ್ಯಾಸ್‌ಲೆಸ್ ಹೊಡೆದು "ಬರೀ ಕಿಡಿ ಉಂಡೆ" ಅನ್ನೋರೇ ಜಾಸ್ತಿ. ಪೋಲಾರಿಟಿ ಬದಲಿಸೋಕೆ ಹೊರಗೆ ಟರ್ಮಿನಲ್ ಇಲ್ಲದ ಮಷಿನ್ ತಗೋಬೇಡ್ರಿ. ಫ್ಲಕ್ಸ್ ವೈರ್ ಕೊಳವೆಯಂಗೆ, ಮೆತ್ತಗಿರ್ತದೆ. ಅದಕ್ಕೆ ಗೀರು ಹಲ್ಲಿನ ರೋಲರ್, ಟೆನ್ಷನ್ ಸಡಿಲ. ಸಾಲಿಡ್ ವೈರಿಗೆ ನುಣುಪಾದ ವಿ ಕಚ್ಚಿನ ರೋಲರ್.

ಹರಿಹರ ಫ್ಯಾಬ್ರಿಕೇಷನ್
ಗಾಳಿಯ ಮಾತು ಒಪ್ಪಿದೆ. ಆದರೆ ಪ್ರಶ್ನೆ ಕೇಳಿದವರ ಮುಖ್ಯ ಕೆಲಸ 18 ಗೇಜ್ ಪೈಪು, ಅದೂ ಶೆಡ್ ಒಳಗೆ. ಗ್ಯಾಸ್‌ಲೆಸ್‌ನಲ್ಲಿ 1.2 ಎಂ.ಎಂ. ಪೈಪು ಕಷ್ಟ, ಬಿಸಿ ಜಾಸ್ತಿ, ಮೇಲೆ ಕಿಟ್ಟ ಕೂರುತ್ತದೆ, ಪೇಂಟಿಗೆ ಮುಂಚೆ ಎಲ್ಲ ತಿಕ್ಕಬೇಕು. ಹೊರಗೆ ಗಾಳಿಯಲ್ಲಿ ಕೆಲಸ ಬಂದರೆ ಅವರ ಬಳಿ ರಾಡ್ ಮಷಿನ್ ಇದ್ದೇ ಇದೆ. ಗ್ಯಾಸಿನ ಮಿಗ್, 0.8 ಎಂ.ಎಂ. ಇಆರ್70ಎಸ್-6 ವೈರ್. ನನ್ನ ತೀರ್ಮಾನ ಅದೇ.

ದುರ್ಗದ ಗಾಳಿ
ಶೆಡ್ ಒಳಗೇ ಅಂದ್ರೆ ಸರಿ ಬಿಡಿ ಅಣ್ಣ, ನಂದೇನೂ ತಕರಾರಿಲ್ಲ.

ಸಿಲಿಂಡರ್ ಲೋಕಿಕೆರೆ ರೋಡ್
ಗ್ಯಾಸ್ ಲೆಕ್ಕ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಕಬ್ಬಿಣಕ್ಕೆ ಎರಡು ದಾರಿ: ಬರೀ ಸಿಒ2, ಅಥವಾ ಆರ್ಗಾನ್ 80, ಸಿಒ2 20ರ ಮಿಕ್ಸ್. ಸಿಒ2 ಅಗ್ಗ, ಆಳಕ್ಕೆ ಇಳಿಯುತ್ತದೆ, ಕಿಡಿ ಉಂಡೆ ಜಾಸ್ತಿ. ಮಿಕ್ಸ್‌ನಲ್ಲಿ ಬೀಡು ನುಣುಪು, ತೆಳು ಪೈಪಿಗೆ ಹಿಡಿತ ಚೆನ್ನ, ಆದರೆ ಬೆಲೆ ಹೆಚ್ಚು. ಮಿಕ್ಸ್‌ನಿಂದ ಸಿಒ2ಗೆ ಬಂದರೆ ವೋಲ್ಟೇಜ್ 1ರಿಂದ 2 ಏರಿಸಬೇಕು.

0.8 ವೈರ್ ಒಂದು ಮೀಟರಿಗೆ ಸುಮಾರು 4 ಗ್ರಾಂ. 5 ಕೆ.ಜಿ. ಸ್ಪೂಲ್ ಅಂದರೆ 1,250 ಮೀಟರಿನ ಮೇಲೆ. 120 ಆಂಪ್ಸಿನಲ್ಲಿ ನಿಮಿಷಕ್ಕೆ 6.5 ಮೀಟರ್ ಹೋದರೆ ಸ್ಪೂಲ್ ಮುಗಿಯಲು ಮೂರೂಕಾಲು ಗಂಟೆಯ ವೆಲ್ಡಿಂಗ್. ಅಷ್ಟು ಹೊತ್ತಿಗೆ 10 ಲೀಟರಿನಂತೆ 1,950 ಲೀಟರ್ ಗ್ಯಾಸ್. ಒಂದು ಕೆ.ಜಿ. ಸಿಒ2 ಸುಮಾರು 540 ಲೀಟರ್ ಆಗುತ್ತದೆ. ಒಂದು ಸ್ಪೂಲಿಗೆ 4 ಕೆ.ಜಿ. ಗ್ಯಾಸ್ ಎಂದು ಬರೆದಿಟ್ಟುಕೊಳ್ಳಿ. ತೆಳು ಪೈಪಿನಲ್ಲಿ ವೈರ್ ನಿಧಾನ ಹೋಗುವುದರಿಂದ ಗ್ಯಾಸಿನ ಪಾಲು ಇದರ ಎರಡರಷ್ಟಾದರೂ ಆಗುತ್ತದೆ. 30 ಕೆ.ಜಿ. ಹಿಡಿಯುವ ದೊಡ್ಡ ಸಿಲಿಂಡರ್ ಮನೆ ಕೆಲಸಕ್ಕೆ ತಿಂಗಳುಗಟ್ಟಲೆ ಬರುತ್ತದೆ.

ಸಿಒ2 ಸಿಲಿಂಡರಿನ ಗೇಜ್ ನಂಬಬೇಡಿ. ಒಳಗೆ ದ್ರವ ಇರುವ ತನಕ ಮುಳ್ಳು ಒಂದೇ ಕಡೆ ನಿಂತಿರುತ್ತದೆ, 25 ಡಿಗ್ರಿಯಲ್ಲಿ 64 ಬಾರ್ ಆಸುಪಾಸು. ದ್ರವ ಮುಗಿದ ಮೇಲೆ ದಬಕ್ಕನೆ ಇಳಿಯುತ್ತದೆ. ತೂಕ ಹಾಕಿ ನೋಡುವುದೊಂದೇ ದಾರಿ, ಖಾಲಿ ತೂಕ ಸಿಲಿಂಡರಿನ ಹೆಗಲ ಮೇಲೆ ಕೊರೆದಿರುತ್ತದೆ. ತುಂಬಿಸಿಕೊಂಡು ಬರುವಾಗಲೂ ತೂಕ ಹಾಕಿಸಿ. ಅಲ್ಲೇ ಕೊನೆಯ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ದಿನಾಂಕ ಇರುತ್ತದೆ, 5 ವರ್ಷ ದಾಟಿದ್ದರೆ ಆ ಸಿಲಿಂಡರ್ ಕೊಳ್ಳಬೇಡಿ. ಬೆಂಕಿ ಆರಿಸುವ ಸಿಲಿಂಡರಿನ ಒಳಗೆ ತಳದವರೆಗೆ ನಳಿಕೆ ಇರುತ್ತದೆ, ಅದರಿಂದ ಗ್ಯಾಸ್ ಬರುವುದಿಲ್ಲ, ದ್ರವವೇ ಬಂದು ರೆಗ್ಯುಲೇಟರ್ ಹಾಳಾಗುತ್ತದೆ. ಸಿಲಿಂಡರ್ ಯಾವಾಗಲೂ ನಿಲ್ಲಿಸಿ, ಗೋಡೆಗೆ ಸರಪಳಿ ಹಾಕಿ. 31 ಡಿಗ್ರಿ ದಾಟಿದರೆ ಸಿಒ2 ದ್ರವವಾಗಿ ಉಳಿಯುವುದೇ ಇಲ್ಲ, ಬಿಸಿ ಏರಿದಂತೆ ಒತ್ತಡ ವೇಗವಾಗಿ ಏರುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲು ಬೀಳುವ ಕಡೆ ಇಡಲೇಬಾರದು.

ರೆಗ್ಯುಲೇಟರ್ ಹೀಟರ್ ಇರುವುದನ್ನೇ ತಗೊಳ್ಳಿ. ಗ್ಯಾಸ್ ಹಿಗ್ಗುವಾಗ ತಣ್ಣಗಾಗಿ ಒಳಗೆ ಮಂಜು ಕಟ್ಟುತ್ತದೆ, ಫ್ಲೋ ಕುಸಿಯುತ್ತದೆ, ಅರ್ಧ ಗಂಟೆ ಚೆನ್ನಾಗಿದ್ದ ಬೀಡು ಇದ್ದಕ್ಕಿದ್ದಂತೆ ತೂತಾಗುತ್ತದೆ. ಹೀಟರ್ 36 ವೋಲ್ಟಿನದೋ 230ರದೋ ನೋಡಿ, ಮಷಿನ್ ಹಿಂದಿನ ಸಾಕೆಟ್ಟಿಗೆ ಹೊಂದಬೇಕು.

ಟಾರ್ಚ್ ಮತ್ತು ಫೀಡರ್
ಮಿಗ್‌ನಲ್ಲಿ ಹತ್ತಕ್ಕೆ ಎಂಟು ತೊಂದರೆ ವೈರ್ ಹೋಗುವ ದಾರಿಯಲ್ಲೇ ಹುಟ್ಟುತ್ತಾವೆ ಎಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಮುಚ್ಚಳ ತೆಗೆಸಿ ಫೀಡರ್ (ವೈರ್ ತಳ್ಳುವ ಭಾಗ) ನೋಡಿ. ರೋಲರ್ ಕೂರುವ ಚೌಕಟ್ಟು ಲೋಹದ್ದಾಗಿದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಚೌಕಟ್ಟು ಬಿಸಿಗೆ ಬಾಗುತ್ತದೆ, ರೋಲರ್ ಓರೆಯಾಗಿ ವೈರನ್ನು ಕೆರೆಯುತ್ತದೆ. 3 ಮೀಟರ್ ಟಾರ್ಚಿಗೆ, 0.8 ವೈರಿಗೆ ಎರಡು ರೋಲರಿನ ಫೀಡರ್ ಸಾಕು, ನಾಲ್ಕು ರೋಲರಿಗೆ ಹೆಚ್ಚು ಕೊಡುವ ಅಗತ್ಯ ಇಲ್ಲ. 5 ಕೆ.ಜಿ. ಸ್ಪೂಲ್ ಹಿಡಿಯಲೇಬೇಕು. ಒಂದೊಂದು ಕೆ.ಜಿ.ಯ ಸಣ್ಣ ಸ್ಪೂಲ್ ಮಾತ್ರ ಹಿಡಿಯುವ ಮಷಿನ್‌ನಲ್ಲಿ ವೈರಿನ ಬೆಲೆ ಕೆ.ಜಿ. ಲೆಕ್ಕದಲ್ಲಿ ಬಹಳ ಮೇಲೆ ಹೋಗುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಟಾರ್ಚನ್ನು ಒಣ ಮರದ ತುಂಡಿಗೆ 12 ಎಂ.ಎಂ. ಹತ್ತಿರ ಹಿಡಿದು ಟ್ರಿಗರ್ ಒತ್ತಿದರೆ ವೈರ್ ತಡೆದು ರೋಲರ್ ಜಾರಬೇಕು. 50 ಎಂ.ಎಂ. ದೂರ ಹಿಡಿದರೆ ವೈರ್ ನಿಲ್ಲದೆ ಬಂದು ಬಾಗಬೇಕು. ಎರಡೂ ಆಗುವ ಟೆನ್ಷನ್ನೇ ಸರಿಯಾದ ಟೆನ್ಷನ್. ಜಾಸ್ತಿ ಬಿಗಿ ಮಾಡಿದರೆ ಮುಂದೆ ತಡೆ ಬಂದ ಕೂಡಲೇ ರೋಲರ್ ಪಕ್ಕದಲ್ಲಿ ವೈರ್ ಹಕ್ಕಿಗೂಡು ಕಟ್ಟುತ್ತದೆ. ಟ್ರಿಗರ್ ಬಿಟ್ಟಾಗ ಸ್ಪೂಲ್ ತಾನೇ ಉರುಳಿ ಸಡಿಲಾಗಬಾರದು, ಹಬ್ಬಿನ ನಟ್ ಅಷ್ಟು ಮಾತ್ರ ಬಿಗಿ ಇರಲಿ.

ಟಾರ್ಚ್ ಯೂರೋ ಕನೆಕ್ಟರ್ ಇರುವುದೇ ಆಗಲಿ. ಮಷಿನ್ನಿಗೇ ಅಂಟಿಕೊಂಡ ಟಾರ್ಚ್ ಕೆಟ್ಟರೆ ಮಷಿನ್ ಬಿಚ್ಚಬೇಕು. 15 ಎಕೆ ಮಾದರಿಯ ಟಾರ್ಚ್ ಸಿಒ2ನಲ್ಲಿ 180 ಆಂಪ್ಸ್ 60% ತಡೆಯುತ್ತದೆ, ನಿಮ್ಮ ಕೆಲಸಕ್ಕೆ ಅದೇ ಸರಿ. ಹಗುರ, ಮತ್ತು ಎಂ6 ಟಿಪ್ (ವೈರ್ ಹೊರಬರುವ ತುದಿ), ನಾಜಲ್ ಎಲ್ಲ ಕಡೆ ಸಿಗುತ್ತಾವೆ. ಮಷಿನ್ ಜೊತೆಗೇ 0.8ರ ಟಿಪ್ 10, ನಾಜಲ್ 2, ಸ್ಟೀಲ್ ಲೈನರ್ (ಟಾರ್ಚ್ ಒಳಗೆ ವೈರ್ ಹೋಗುವ ನಳಿಕೆ) 1 ತಂದಿಟ್ಟುಕೊಳ್ಳಿ. ಸ್ಪೂಲ್ ಬದಲಾಯಿಸುವಾಗಲೆಲ್ಲ ಲೈನರ್ ಒಳಗೆ ಒಣ ಗಾಳಿ ಹೊಡೆಯಿರಿ. ಟಿಪ್‌ನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದರೆ ಆರ್ಕ್ ಅಲೆದಾಡುತ್ತದೆ, ಬಿಸಾಕಿ.

ವೋಲ್ಟೇಜಿಗೂ ವೈರ್ ಸ್ಪೀಡಿಗೂ ಬೇರೆ ಬೇರೆ ನಾಬ್ ಇರಲಿ, ಆರ್ಕ್ ಮೃದು ಮಾಡುವ ಇಂಡಕ್ಟೆನ್ಸ್ ನಾಬ್ ಇದ್ದರೆ ಇನ್ನೂ ಒಳ್ಳೆಯದು. ಸಿನರ್ಜಿಕ್ ಅಂದರೆ ಒಂದೇ ನಾಬ್ ತಿರುಗಿಸಿದರೆ ಎರಡೂ ಬದಲಾಗುವುದು. ಕಲಿಯುವವರಿಗೆ ಅನುಕೂಲ, ಆದರೆ ಬೇಕಾದಾಗ ಅದನ್ನು ಆಫ್ ಮಾಡಲು ಬರಬೇಕು.

ಕೊನೆಯದಾಗಿ, ಬೋರ್ಡ್ ಕೆಟ್ಟರೆ ರಿಪೇರಿ ದಾವಣಗೆರೆಯಲ್ಲೇ ಆಗುತ್ತದಾ ಅಥವಾ ಬೆಂಗಳೂರಿಗೆ ಪಾರ್ಸೆಲ್ ಮಾಡಬೇಕಾ ಎಂದು ಬಾಯಿ ಬಿಟ್ಟು ಕೇಳಿ. ಗ್ರೈಂಡರಿನ ಕಬ್ಬಿಣದ ಪುಡಿ ಫ್ಯಾನ್ ಮೂಲಕ ಬೋರ್ಡ್ ಮೇಲೆ ಕೂತು ಶಾರ್ಟ್ ಆಗುವುದು ಇನ್ವರ್ಟರ್ ಸಾಯುವ ದೊಡ್ಡ ಕಾರಣ. ಗ್ರೈಂಡಿಂಗ್ ಒಂದು ಮೂಲೆ, ಮಷಿನ್ ಇನ್ನೊಂದು ಮೂಲೆ.

ಶಾಮನೂರು ಶೆಡ್
ಇಷ್ಟು ವಿವರ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಎರಡು ಪ್ರಶ್ನೆ. ಮಿಗ್ ಬಂದ ಮೇಲೆ ರಾಡ್ ಮಷಿನ್ ಮಾರಬಹುದಾ? ಮತ್ತೆ ಶುರುವಿಗೆ ಸೆಟ್ಟಿಂಗ್ ಎಷ್ಟಿಡಬೇಕು?

ಹರಿಹರ ಫ್ಯಾಬ್ರಿಕೇಷನ್
ರಾಡ್ ಮಷಿನ್ ಮಾರಬೇಡಿ. ಈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದರಲ್ಲಿ ಪ್ರಾಣದ ಪ್ರಶ್ನೆ ಇದೆ.

ರಾಡಿನಲ್ಲಿ ಕೆಟ್ಟ ವೆಲ್ಡಿಂಗ್ ನೋಡಲೂ ಕೆಟ್ಟದಾಗಿಯೇ ಕಾಣುತ್ತದೆ. ಮಿಗ್‌ನಲ್ಲಿ ಹಾಗಲ್ಲ. 8 ಎಂ.ಎಂ. ಪ್ಲೇಟ್ ಮೇಲೆ 130 ಆಂಪ್ಸಿನಲ್ಲಿ ಬೀಡು ಎಳೆದರೆ ನೀಟಾಗಿ, ಹೊಳೆಯುತ್ತಾ ಕೂರುತ್ತದೆ. ಆದರೆ ಕೆಳಗಿನ ಲೋಹ ಕರಗಿರುವುದಿಲ್ಲ, ಮೇಣ ಸುರಿದಂತೆ ಮೇಲೆ ಅಂಟಿರುತ್ತದೆ. ಟ್ರೇಲರಿನ ಹುಕ್ಕು ಹೀಗೆ ಅಂಟಿಸಿ, ಮೆಕ್ಕೆಜೋಳ ತುಂಬಿ ರಸ್ತೆಗೆ ಇಳಿದರೆ ಏನಾಗಬಹುದು ಯೋಚಿಸಿ. ಮೇಲಿಂದ ಕೆಳಗೆ ಎಳೆಯುವ ಬೀಡಿನಲ್ಲಿ ಇದು ಇನ್ನೂ ಹೆಚ್ಚು. ದಪ್ಪ ಕೆಲಸಕ್ಕೆ, ಹುಕ್ಕು, ಆಕ್ಸಲ್, ಕುಂಟೆ ಶ್ಯಾಂಕಿಗೆ ರಾಡೇ ಹಿಡಿಯಿರಿ. ಮಿಗ್‌ನಲ್ಲೇ ಮಾಡಬೇಕೆಂದರೆ ಅಂಚನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, 2 ಎಂ.ಎಂ. ಸಂದು ಬಿಟ್ಟು, ಹಲವು ಪಾಸಿನಲ್ಲಿ, ನಿಂತ ಜೋಡಣೆ ಇದ್ದರೆ ಕೆಳಗಿಂದ ಮೇಲಕ್ಕೆ.

ಪರೀಕ್ಷೆ ಹೀಗೆ: 3 ಎಂ.ಎಂ. ಪಟ್ಟಿ ಎರಡನ್ನು ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಪಕ್ಕ 75 ಎಂ.ಎಂ. ಬೀಡು ಹಾಕಿ. ತಣ್ಣಗಾದ ಮೇಲೆ ನಿಂತ ಪಟ್ಟಿಯನ್ನು ಬೀಡಿನ ಕಡೆಗೇ ಸುತ್ತಿಗೆಯಿಂದ ಬಡಿದು ಮಲಗಿಸಿ. ಲೋಹ ಹರಿದು ಒರಟಾಗಿ ಬಿಟ್ಟರೆ ಸರಿ. ಬೀಡು ಸಿಪ್ಪೆಯಂತೆ ಎದ್ದು, ಕೆಳಗೆ ಹಳೆಯ ಗ್ರೈಂಡಿಂಗ್ ಗೀರುಗಳು ಹಾಗೇ ಕಂಡರೆ ಅದು ಕೂಡಿಲ್ಲ. ಹೊಸ ಸೆಟ್ಟಿಂಗ್ ಹಿಡಿದಾಗಲೆಲ್ಲ ಒಂದು ತುಂಡು ಹೀಗೆ ಮುರಿಯಿರಿ. ಮುರಿದು ನೋಡದ ಸೆಟ್ಟಿಂಗಿನಲ್ಲಿ ಗೇಟಿನ ಕೀಲು ಹಾಕಬೇಡಿ.

ಟಾರ್ಚ್ ಮತ್ತು ಫೀಡರ್
ಸೆಟ್ಟಿಂಗ್ ನಾನು ಹೇಳುತ್ತೇನೆ, 0.8 ವೈರ್, ಸಿಒ2 ಹಿಡಿದು. 16 ಗೇಜಿಗೆ 17.5 ವೋಲ್ಟ್, ನಿಮಿಷಕ್ಕೆ 3.5 ಮೀಟರ್ ಸುಮಾರು. 3 ಎಂ.ಎಂ.ಗೆ 20 ವೋಲ್ಟ್, 6.5 ಮೀಟರ್. 18 ಗೇಜಿಗೆ ಉದ್ದ ಬೀಡು ಎಳೆಯಬೇಡಿ, ಟ್ಯಾಕ್ (ಚುಕ್ಕೆ ವೆಲ್ಡ್) ಪಕ್ಕ ಟ್ಯಾಕ್ ಹಾಕುತ್ತಾ ಜಾಗ ಬದಲಿಸಿ. ನಾಬ್ ಮೇಲೆ ಮೀಟರ್ ಬರೆದಿರದಿದ್ದರೆ ಟಾರ್ಚನ್ನು ಕೆಲಸದಿಂದ ದೂರ ಹಿಡಿದು, ಅರ್ತ್ ಕ್ಲ್ಯಾಂಪ್ ತೆಗೆದು, 6 ಸೆಕೆಂಡ್ ಟ್ರಿಗರ್ ಒತ್ತಿ ಬಂದ ವೈರ್ ಅಳೆಯಿರಿ. 65 ಸೆಂ.ಮೀ. ಬಂದರೆ ನಿಮಿಷಕ್ಕೆ 6.5 ಮೀಟರ್.

ಟಿಪ್‌ನಿಂದ ಕೆಲಸಕ್ಕೆ 10ರಿಂದ 12 ಎಂ.ಎಂ. ದೂರ. ದೂರ ಹೆಚ್ಚಾದರೆ ಆಂಪಿಯರ್ ಇಳಿಯುತ್ತದೆ, ಗ್ಯಾಸ್ ತಲುಪುವುದಿಲ್ಲ. ಸದ್ದು ಕೇಳಿ: ಎಣ್ಣೆಯಲ್ಲಿ ಮಿರ್ಚಿ ಬೇಯುವಾಗಿನ ಸಮನಾದ ಚುರ್ ಸದ್ದು ಇರಬೇಕು. ಟಕ್ ಟಕ್ ಎಂದು ವೈರ್ ಕೈಗೆ ಒದ್ದರೆ ವೋಲ್ಟೇಜ್ ಕಡಿಮೆ ಅಥವಾ ಸ್ಪೀಡ್ ಜಾಸ್ತಿ. ದೊಡ್ಡ ಹನಿ ಹನಿಯಾಗಿ ಬಿದ್ದು ವೈರ್ ಟಿಪ್‌ಗೇ ಅಂಟಿದರೆ ವೋಲ್ಟೇಜ್ ಜಾಸ್ತಿ ಅಥವಾ ಸ್ಪೀಡ್ ಕಡಿಮೆ.

ಜಿಐ ಪೈಪ್ ಬಗ್ಗೆ
ಒಂದು ಸೇರಿಸುತ್ತೇನೆ. ಜಿಐ ಪೈಪಿನ ಸತು ಲೇಪನವನ್ನು ಬೀಡಿನ ಎರಡೂ ಪಕ್ಕ 25 ಎಂ.ಎಂ. ತಿಕ್ಕಿ ತೆಗೆಯಿರಿ. ಇಲ್ಲದಿದ್ದರೆ ಬೀಡಿನಲ್ಲಿ ತೂತು, ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿ ವೆಲ್ಡ್ ಮಾಡಲೇಬೇಡಿ, ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸಿಒ2 ಬಳಸುವಾಗ ಶಟರ್ ಪೂರ್ತಿ ಎಳೆದು ಕೂರಬೇಡಿ, ಆರ್ಕಿನ ಬಿಸಿಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಆಗುತ್ತದೆ. ಗಾಳಿ ನಿಮ್ಮ ಬೆನ್ನ ಹಿಂದಿನ ಕಿಟಕಿಯಿಂದ ಮೆಲ್ಲಗೆ ಬಂದು ಮೇಲೆ ಹೋಗುವಂತಿರಲಿ. ಮಾಸ್ಕಿಗೆ 10ನೇ ಅಥವಾ 11ನೇ ಶೇಡ್, ತುಂಬು ತೋಳಿನ ಹತ್ತಿ ಬಟ್ಟೆ.

ಶಾಮನೂರು ಶೆಡ್
ತೀರ್ಮಾನ ಬರೀತೀನಿ, ತಪ್ಪಿದ್ರೆ ತಿದ್ದ್ರಿ. ಲೋಡ್ 5 ಕಿಲೋವ್ಯಾಟ್‌ಗೆ ಅರ್ಜಿ, 6 ಸ್ಕ್ವೇರ್ ವೈರ್, 32 ಆಂಪ್ಸ್ ಸಾಕೆಟ್. 40 ಡಿಗ್ರಿಯಲ್ಲಿ 60% ಡ್ಯೂಟಿಯ 200ರ ಮಷಿನ್, ಯೂರೋ ಟಾರ್ಚ್, 5 ಕೆ.ಜಿ. ಸ್ಪೂಲ್. ಸಿಒ2, ಹೀಟರ್ ರೆಗ್ಯುಲೇಟರ್. ರಾಡ್ ಮಷಿನ್ ಇಟ್ಕೊಳ್ಳೋದು.

ವೈರಿಂಗ್ ಬಸಾಪುರ
ಸರಿ ಐತೆ. ಒಂದೇ ತಿದ್ದುಪಡಿ: ಈ ಲೈನಿನಲ್ಲಿ ಆ ಮಷಿನ್ನನ್ನ 160 ದಾಟಿಸಬೇಡ್ರಿ, ನಾಬ್ ಮೇಲೆ ಬಣ್ಣದಲ್ಲಿ ಗೆರೆ ಹಾಕ್ಕೊಳ್ರಿ. ಟ್ರ್ಯಾಕ್ಟರ್ ಮೇಲೆ ವೆಲ್ಡ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನ ಬೀಡಿನಿಂದ ಒಂದು ಗೇಣಿನೊಳಗೆ, ಬಣ್ಣ ಕೆರೆದ ಜಾಗಕ್ಕೆ ಕಚ್ಚಿಸ್ರಿ. ದೂರ ಕಚ್ಚಿಸಿದ್ರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಉಂಡೆಗಳ ಮೇಲೆ ಗುಳಿ ಬೀಳಿಸ್ತದೆ.